ಆಡನ್ನು ವಾಪಸ್ ತರಬಹುದಾ, ಅಜ್ಜಿ?

ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ ಮಗಾ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು. ಲೆಕ್ಕ ಬರದಿದ್ದರೆ ಮಗ ಪುಸ್ತಕ ಎಸೆಯುತ್ತಾನೆ, ಅಲ್ಲಿ ಠಾಣೆ ಊರಿನಲ್ಲಿ ಮನೆ ಹತ್ತಿರವೇ ಲಾಜಿಕ್ ಗೇಮ್ಸ್ ಕ್ಲಾಸ್ ಶುರುವಾಗಿದೆ, ಸೇರಿಸಲಾ ಅಂತ ಕೇಳಿದ್ದೀಯ. ಈಗಲೇ ದುಡ್ಡು ಕಟ್ಟಬೇಡ. ಒಂದು ತಿಂಗಳು ಮನೆಯಲ್ಲೇ ಆಡಿಸಿ ನೋಡು. ಆದರೆ ಅವನು ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ನೀನು ಬಾಯಿ ಬಿಡಬಾರದು. ಅಷ್ಟೇ ನನ್ನ ಷರತ್ತು.

ಮೊನ್ನೆ ಜೋರು ಮಳೆಗೆ ಇಲ್ಲಿ ಡೊಂಬಿವಲಿಯಲ್ಲಿ ಶಾಲೆಗೆ ರಜೆ ಕೊಟ್ಟಿದ್ದರು. ಮೊಮ್ಮಗಳದ್ದು ಬೆಳಿಗ್ಗೆಯಿಂದ ಮೊಬೈಲ್ ಬೇಕು ಅಂತ ಒಂದೇ ಹಟ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂರಿಸಿ ಹುಲಿ, ಆಡು, ಹುಲ್ಲಿನ ಒಗಟು ಕೊಟ್ಟೆ. ನಿನಗೂ ಗೊತ್ತಿರುವುದೇ. ದೋಣಿಯಲ್ಲಿ ಸಲಕ್ಕೆ ಒಂದನ್ನೇ ದಾಟಿಸಬೇಕು. ನಾವಿಲ್ಲದಿದ್ದರೆ ಹುಲಿ ಆಡನ್ನು ತಿನ್ನುತ್ತದೆ, ಆಡು ಹುಲ್ಲನ್ನು ತಿನ್ನುತ್ತದೆ. ಒಣಮೆಣಸು ಹುಲಿ, ನೆಲಗಡಲೆ ಆಡು, ಕರಿಬೇವಿನ ಎಸಳು ಹುಲ್ಲು. ಡಬ್ಬಿಯ ಮುಚ್ಚಳವೇ ದೋಣಿ. ಎರಡು ಟೈಲ್ಸ್ ನಡುವಿನ ಗೆರೆ ಹೊಳೆ.

ಮೊದಲು ಆಡನ್ನು ದಾಟಿಸಿದಳು, ಸರಿ. ಆಮೇಲೆ ಹುಲಿಯನ್ನು ಕರೆದುಕೊಂಡು ಹೋದಳು. ಅಲ್ಲಿ ನಿಂತಳು. ಬಿಟ್ಟುಬಂದರೆ ಹುಲಿ ತಿನ್ನುತ್ತದಲ್ಲ! ಎಲ್ಲ ತೆಗೆದು ಮತ್ತೆ ಮೊದಲಿಂದ. ನಾಲ್ಕು ಸಲ ಹಾಗೇ ಆಯಿತು. "ಅಜ್ಜಿ, ಇದು ಆಗುವುದೇ ಇಲ್ಲ" ಅಂತ ಕಣ್ಣಲ್ಲಿ ನೀರು. ಉತ್ತರ ನನ್ನ ನಾಲಿಗೆ ತುದಿಗೇ ಬಂದಿತ್ತು. ಎದ್ದುಹೋಗಿ ಸುಮ್ನೆ ತೆಂಗಿನಕಾಯಿ ತುರಿಯುತ್ತಾ ಕೂತೆ. ಅರ್ಧ ಕಾಯಿ ಮುಗಿದಿರಬೇಕು. ಹಿಂದಿನಿಂದ ಮೆಲ್ಲಗೆ ಕೇಳಿದಳು, "ಅಜ್ಜಿ, ಆಡನ್ನು ವಾಪಸ್ ತರಬಹುದಾ?"

ತರಬಾರದು ಅಂತ ನಾನು ಹೇಳಿದ್ದೆನಾ ಅಂದೆ. ಆ ಮುಖ ನೀನು ನೋಡಬೇಕಿತ್ತು! ಒಟ್ಟು 7 ಸಲ ಹೊಳೆ ದಾಟಿ ಮುಗಿಸಿದಳು. ಸಾಗಿಸಿದ್ದನ್ನೇ ವಾಪಸ್ ತರುವುದು ಮಕ್ಕಳಿಗೆ ಸೋತ ಹಾಗೆ ಅನ್ನಿಸುತ್ತದೆ, ಅದಕ್ಕೇ ಆ ಯೋಚನೆ ಬೇಗ ಬರುವುದಿಲ್ಲ. ಅದು ಅವಳಿಗೆ ತಾನಾಗಿ ಹೊಳೆಯಿತು. ನಾನು ಹೇಳಿಕೊಟ್ಟಿದ್ದರೆ ಒಂದು ಉತ್ತರ ಮಾತ್ರ ಗೊತ್ತಾಗುತ್ತಿತ್ತು. ಊಟದ ಹೊತ್ತಿಗೆ ಅವಳೇ ಎರಡನೇ ದಾರಿಯನ್ನೂ ಹುಡುಕಿದಳು. ಆಡನ್ನು ದಾಟಿಸಿದ ಮೇಲೆ ಹುಲಿಯ ಬದಲು ಹುಲ್ಲನ್ನು ಸಾಗಿಸಿದರೂ ಆಗುತ್ತದೆ.

ನಿನ್ನ ಅಣ್ಣ ಚಿಕ್ಕವನಿದ್ದಾಗ ನಾನು ಹೀಗೆ ಮಾಡಲಿಲ್ಲ ಮಗಾ. ನನಗೆ ಲೋಕಲ್ ಟ್ರೈನ್ ಹಿಡಿಯುವ ಅವಸರ. ಅವನು ಪೆನ್ಸಿಲ್ ಕಚ್ಚುವುದರೊಳಗೆ ಉತ್ತರ ಹೇಳಿಬಿಡುತ್ತಿದ್ದೆ. ಆರನೇ ಕ್ಲಾಸಿಗೆ ಬಂದರೂ ಪ್ರತಿ ಲೆಕ್ಕಕ್ಕೂ "ಅಮ್ಮಾ, ಇದು ಕೂಡಿಸುವುದಾ ಕಳೆಯುವುದಾ?" ಅಂತ ಬರುತ್ತಿದ್ದ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಿನ್ನ ಮಗನಿಗೆ ಕಳೆಯುವ ಲೆಕ್ಕ ಅಂದರೆ ಆಗುವುದಿಲ್ಲ ಅಂದೆಯಲ್ಲ, ಅವನಿಗೆ ಕಾಪ್ರೇಕರ್ ಸ್ಥಿರಾಂಕದ ಆಟ ಕೊಡು. ಈ ಗಣಿತಜ್ಞ ಕಾಪ್ರೇಕರ್ ನಮ್ಮ ಇಲ್ಲಿಯವರೇ. ಹುಟ್ಟಿದ್ದು ಡಹಾಣೂ, ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜು, ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲೆ ಮೇಷ್ಟ್ರಾಗಿದ್ದರು. ನಿನ್ನ ಮಗ ಹುಟ್ಟಿದ ವರ್ಷ 2017 ಅಲ್ವಾ? ಆ ನಾಲ್ಕು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 7210. ಚಿಕ್ಕದರಿಂದ ದೊಡ್ಡದಕ್ಕೆ 0127. ಕಳೆದರೆ 7083. ಅದನ್ನೂ ಹಾಗೇ ಮಾಡು, 8730ರಲ್ಲಿ 0378 ಕಳೆದರೆ 8352. ಇನ್ನೊಂದು ಸಲ, 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174ರಿಂದ ಅಲ್ಲಾಡುವುದಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ, ಬೇರೆ ಯಾವ ನಾಲ್ಕಂಕಿ ಸಂಖ್ಯೆ ಹಿಡಿದರೂ ಹೆಚ್ಚೆಂದರೆ 7 ಸಲದಲ್ಲಿ ಅಲ್ಲಿಗೇ ಬರುತ್ತದೆ. ಇದನ್ನು ಮಾತ್ರ ಅವನಿಗೆ ಮುಂಚೆ ಹೇಳಬೇಡ. ಅಪ್ಪನ ವರ್ಷ, ಫ್ಲ್ಯಾಟ್ ನಂಬರ್, ಕಾರಿನ ನಂಬರ್ ಎಲ್ಲ ಹಾಕಿ ನೋಡಲಿ. ಎಲ್ಲಾದರೂ ಬೇರೆ ಉತ್ತರ ಬಂದರೆ ದಶಕ ತೆಗೆದುಕೊಳ್ಳುವುದರಲ್ಲಿ ತಪ್ಪಾಗಿದೆ ಅಂತ ಅವನಿಗೇ ಗೊತ್ತಾಗುತ್ತದೆ. ನೀನು ತಿದ್ದಬೇಕಾಗಿಲ್ಲ.

ಸುಡೋಕು ಪೇಪರಿನಲ್ಲಿ ಬರುವ 9×9 ಮನೆಯದ್ದು ಈಗ ಬೇಡ, ಕೈಯಲ್ಲೇ 4×4 ಮನೆಯದ್ದು ಗೆರೆ ಹಾಕಿಕೊಡು. ಆಡು ಹುಲಿ ಆಟದಲ್ಲಿ ಅವನು ಹುಲಿಯೇ ಬೇಕು ಅನ್ನುತ್ತಾನೆ, ಎಲ್ಲ ಮಕ್ಕಳೂ ಹಾಗೇ. ಎರಡು ಆಟ ಬಿಟ್ಟುಕೊಡು, ಮೂರನೆಯದಕ್ಕೆ 15 ಆಡು ಅವನ ಕೈಗೆ ಕೊಡು. ಒಂಟಿ ಆಡನ್ನು ಹುಲಿ ಹಾರಿ ತಿನ್ನುತ್ತದೆ, ಹಿಂದೆ ಇನ್ನೊಂದು ಆಡು ನಿಂತಿದ್ದರೆ ಹಾರಲು ಜಾಗ ಇಲ್ಲ. ಅದು ಅವನ ಕಣ್ಣಿಗೆ ಬೀಳುವವರೆಗೆ ಸೋಲಲಿ.

ಎಸೆಯುವ ವಿಷಯಕ್ಕೆ ಬೈಯಬೇಡ. ಸಿಟ್ಟು ಏರುತ್ತಿದೆ ಅನ್ನಿಸಿದರೆ ಆಟವನ್ನು ಹೇಗಿದೆಯೋ ಹಾಗೇ ಕಪಾಟಿನ ಮೇಲೆ ಎತ್ತಿಡು, "ನಾಳೆ ನೋಡೋಣ" ಅನ್ನು. ರಾತ್ರಿ ಮಲಗಿಕೊಂಡೂ ಅದನ್ನೇ ಯೋಚಿಸುತ್ತಿರುತ್ತಾನೆ.

ಭಾನುವಾರ ಬರುತ್ತೇನೆ, ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಶನಿವಾರವೇ. ನನ್ನ ಅಮ್ಮನ ಚೆನ್ನೆಮಣೆ ತರುತ್ತೇನೆ, ಆಡಲು ಊರಿಂದ ಬಂದ ಮಂಜೊಟ್ಟಿ ಕಾಯಿಯೂ ಇದೆ. 14 ಗುಳಿಗೆ ನಾಲ್ಕು ನಾಲ್ಕು ಬೇಕು. ಒಟ್ಟು ಎಷ್ಟು ತರಬೇಕು ಅಂತ ಅವನನ್ನೇ ಕೇಳಿ ನನಗೆ ಹೇಳು.