ಜರ್ಮನಿಯಲ್ಲಿ ಕ್ರೆಡಿಟ್ ಕಾರ್ಡ್ ಒಂದೇ ಇದ್ದರೆ ಸಾಕಾ?

ಹಾಸನದವಳು: ಮುಂದಿನ ತಿಂಗಳು ಓದಲು ಜರ್ಮನಿಗೆ ಹೋಗುತ್ತಿದ್ದೇನೆ. ಅಮೆರಿಕದಲ್ಲಿರುವ ಅಕ್ಕ ಹಾಲು, ತರಕಾರಿಗೂ ಕ್ರೆಡಿಟ್ ಕಾರ್ಡೇ ಉಜ್ಜುತ್ತಾಳೆ, ಕ್ರೆಡಿಟ್ ಸ್ಕೋರ್ ಬೆಳೆಯಬೇಕು ಅಂತ. ಜರ್ಮನಿಯಲ್ಲೂ ಹಾಗೇನಾ?

ಮ್ಯೂನಿಕ್ ಕನ್ನಡಿಗ: ಇಲ್ಲ, ಕೈಯಲ್ಲಿ ನಗದು ಇರಲೇಬೇಕು. ನಾನು ಬಂದ ಮೊದಲ ವಾರ ಒಂದು ಬೇಕರಿಯಲ್ಲಿ ವೀಸಾ ಕಾರ್ಡ್ ಕೊಟ್ಟೆ, ಜಿರೋಕಾರ್ಡ್ ಇಲ್ಲವೇ ನಗದು ಮಾತ್ರ ಅಂದರು, ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದೆ, ತುಂಬಾ ಬೇಜಾರಾಗಿತ್ತು. ಜಿರೋಕಾರ್ಡ್ ಅಂದರೆ ಇಲ್ಲಿನದೇ ಡೆಬಿಟ್ ಕಾರ್ಡ್, ನಮ್ಮ ರುಪೇ ಇದ್ದ ಹಾಗೆ. ಅಂಗಡಿಯವರಿಗೆ ಶುಲ್ಕ ಕಡಿಮೆ ಬೀಳುತ್ತದೆ. ಬ್ಯಾಂಕ್ ಖಾತೆ ತೆರೆಯುವಾಗಲೇ ಅದು ಸಿಗುತ್ತದಾ ಅಂತ ಕೇಳಿ, ಈಗ ಕೆಲವು ಬ್ಯಾಂಕುಗಳು ಬರೀ ವೀಸಾ ಡೆಬಿಟ್ ಕೊಡುತ್ತವೆ.

ಲೆಕ್ಕದ ಮೇಷ್ಟ್ರು: ಜರ್ಮನ್ನರಿಗೆ ಸಾಲ ಅಂದರೆ ಹಿಂಜರಿಕೆ ಜಾಸ್ತಿ. ಅವರ ಭಾಷೆಯಲ್ಲಿ ಶುಲ್ಡ್ ಅಂದರೆ ತಪ್ಪು, ಶುಲ್ಡನ್ ಅಂದರೆ ಸಾಲ! ಅಲ್ಲಿನ ಎಷ್ಟೋ ಕ್ರೆಡಿಟ್ ಕಾರ್ಡುಗಳಲ್ಲಿ ತಿಂಗಳ ಖರ್ಚು ಪೂರ್ತಿ ಒಂದೇ ಸಲ ಖಾತೆಯಿಂದ ಹೋಗುತ್ತದೆ, ಕಂತಿನ ಮಾತೇ ಇಲ್ಲ. ಅಲ್ಲಿ ಕ್ರೆಡಿಟ್ ಕಾರ್ಡ್ ಬಳಕೆ ಕಡಿಮೆ ಇರುವುದಕ್ಕೆ ಇನ್ನೊಂದು ಕಾರಣ ಇದೆ. ಗ್ರಾಹಕರ ಕಾರ್ಡ್ ವ್ಯವಹಾರದಲ್ಲಿ ಅಂಗಡಿಯವರ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೊಡುವ ಶುಲ್ಕಕ್ಕೆ ಯುರೋಪಿಯನ್ ಒಕ್ಕೂಟ 2015ರಲ್ಲಿ ಮಿತಿ ಹಾಕಿತು: ಕ್ರೆಡಿಟ್‌ಗೆ 0.3%, ಡೆಬಿಟ್‌ಗೆ 0.2%. ಅಮೆರಿಕದಲ್ಲಿ ಕ್ರೆಡಿಟ್‌ಗೆ ಇಂಥ ಮಿತಿ ಇಲ್ಲ, ನಿಮ್ಮ ಅಕ್ಕನಿಗೆ ಸಿಗುವ ಪಾಯಿಂಟ್ಸ್ ಬರುವುದು ಹೆಚ್ಚಾಗಿ ಆ ಶುಲ್ಕದ ದುಡ್ಡಿನಿಂದಲೇ.

ಧಾರವಾಡದವ: ಕ್ರೆಡಿಟ್ ಕಾರ್ಡ್ ಬಿಟ್ಟು ಹೋಗಬೇಡಿ, ಬಾಡಿಗೆ ಕಾರಿಗೆ ಬೇಕಾಗುತ್ತದೆ. ಹೊರಡುವ ಮೊದಲು ವಿದೇಶಿ ಬಳಕೆ ಆನ್ ಮಾಡಿಸಿ, ಓಟಿಪಿ ಬರುವ ನಂಬರ್ ಚಾಲೂ ಇಡಿ.