ಅಂತ್ಯಕ್ರಿಯೆಯ ವಿಮೆ ಎಂದು ಅಮ್ಮನಿಗೆ ಬರುತ್ತಿರುವ ಕಾರ್ಡು ಮತ್ತು ಕರೆಗಳು: ಅಸಲಿ ಯಾವುದು, ನಕಲಿ ಯಾವುದು?

ಬೇ ಏರಿಯಾ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 74 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ನಮ್ಮೊಂದಿಗೇ ಇದ್ದಾರೆ, ಅಮೆರಿಕದ ಪೌರತ್ವವಿದೆ, ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಕೂಡ ಇದೆ. ಕೆಲವು ವಾರಗಳ ಹಿಂದೆ ಅವರ ಹೆಸರಿಗೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಮೇಲ್ಭಾಗದಲ್ಲಿ ಹದ್ದಿನ ಮುದ್ರೆಯಂಥ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಕ್ಯಾಲಿಫೋರ್ನಿಯಾ ಹಿರಿಯ ನಾಗರಿಕರಿಗೆ ರಾಜ್ಯ ನಿಯಂತ್ರಿತ ಕಾರ್ಯಕ್ರಮ' ಎಂಬ ಸಾಲು. ಅಂತ್ಯಕ್ರಿಯೆಯ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲವೆಂದೂ, ಈ ಕಾರ್ಯಕ್ರಮದಲ್ಲಿ 25,000 ಡಾಲರ್‌ವರೆಗೆ ಸಿಗಬಹುದೆಂದೂ, ಐದು ದಿನಗಳೊಳಗೆ ಉತ್ತರಿಸಬೇಕೆಂದೂ ಅದರಲ್ಲಿ ಬರೆದಿತ್ತು. ಕಳುಹಿಸಿದ ಕಂಪನಿಯ ಹೆಸರನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂದು ಅಂಚೆಪೆಟ್ಟಿಗೆಯ ಸಂಖ್ಯೆ ಮಾತ್ರ ಇತ್ತು. ಅಮ್ಮ ನನ್ನನ್ನು ಕೇಳದೆಯೇ ಜನ್ಮದಿನಾಂಕ ಮತ್ತು ಫೋನ್ ನಂಬರು ತುಂಬಿ, ಸಹಿ ಮಾಡಿ, ಅದನ್ನು ವಾಪಸು ಕಳುಹಿಸಿಬಿಟ್ಟಿದ್ದಾರೆ.

ಆಗಿನಿಂದ ಬೇರೆ ಬೇರೆ ನಂಬರುಗಳಿಂದ ಕರೆಗಳು ಬರುತ್ತಲೇ ಇವೆ. ನಿನ್ನೆ ಕರೆ ಮಾಡಿದಾತ ತುಂಬ ವಿನಯದಿಂದ ಮಾತನಾಡಿ, ವೈದ್ಯಕೀಯ ಪರೀಕ್ಷೆಯೇ ಇಲ್ಲದೆ 10,000 ಡಾಲರ್ ಪಾಲಿಸಿ ಮಂಜೂರಾಗಿದೆ, ತಿಂಗಳಿಗೆ 92 ಡಾಲರ್ ಕಟ್ಟಿದರೆ ಸಾಕು ಎಂದನು. ಮೊದಲ ಕಂತಿಗಾಗಿ ಬ್ಯಾಂಕ್ ಖಾತೆಯ ಸಂಖ್ಯೆಯನ್ನೂ, 'ಅರ್ಹತೆ ಖಚಿತಪಡಿಸಲು' ಮೆಡಿಕೇರ್ ಸಂಖ್ಯೆಯನ್ನೂ ಕೇಳಿದನು. ಅಮ್ಮ ಎರಡನ್ನೂ ಕೊಟ್ಟಿಲ್ಲ. ಆದರೆ ಶನಿವಾರ ಮನೆಗೇ ಬರುತ್ತೇನೆ ಎಂದು ಆತ ಸಮಯ ನಿಗದಿ ಮಾಡಿಕೊಂಡಿದ್ದಾನೆ. ಆರು ವರ್ಷಗಳ ಹಿಂದೆ ಮಾಡಿಸಿದ 5,000 ಡಾಲರಿನ ಒಂದು ಪಾಲಿಸಿ ಅಮ್ಮನ ಹೆಸರಿನಲ್ಲಿ ಈಗಾಗಲೇ ಇದೆ. ಅದು ಹಳೆಯ ಯೋಜನೆ, ಅದನ್ನು ನಿಲ್ಲಿಸಿ ಇದಕ್ಕೆ ಬದಲಾಗುವುದು ಲಾಭ ಎಂದೂ ಹೇಳಿದ್ದಾನಂತೆ. ಅಮ್ಮನಿಗೆ ಮಧುಮೇಹವಿದೆ, ಹೃದಯಕ್ಕೆ ಸ್ಟೆಂಟ್ ಹಾಕಲಾಗಿದೆ. 'ನನ್ನ ಕೊನೆಯ ಖರ್ಚು ನಿಮ್ಮ ಮೇಲೆ ಬೀಳಬಾರದು' ಎಂಬುದೊಂದೇ ಅವರ ಚಿಂತೆ. ಇದು ಮೋಸವೋ, ಅಥವಾ ನನ್ನದೇ ಅತಿಯಾದ ಅನುಮಾನವೋ, ತಿಳಿದವರು ದಯವಿಟ್ಟು ಹೇಳಿ.

ಹಳೆಯ ಏಜೆಂಟ್

ನಾನು ಈ ರಾಜ್ಯದಲ್ಲಿ ಬಹುಕಾಲ ಜೀವವಿಮೆ ಮಾರಿದವನು, ಈಗ ನಿವೃತ್ತ. ಆ ಕಾರ್ಡು ವಿಮೆಯ ಪತ್ರವಲ್ಲ. ನಮ್ಮ ವೃತ್ತಿಯಲ್ಲಿ ಅದಕ್ಕೆ 'ಲೀಡ್ ಕಾರ್ಡ್' ಎನ್ನುತ್ತಾರೆ. ತುಂಬಿ ಕಳುಹಿಸಿದವರ ಹೆಸರು, ವಯಸ್ಸು, ಫೋನ್ ನಂಬರುಗಳನ್ನು ಒಂದು ಸಂಸ್ಥೆ ಸಂಗ್ರಹಿಸಿ ಏಜೆಂಟರಿಗೆ ಮಾರುತ್ತದೆ, ಒಂದೇ ಹೆಸರನ್ನು ಹಲವರಿಗೆ ಮಾರುವುದೂ ಉಂಟು. ನಿಮ್ಮ ತಾಯಿಗೆ ಇಷ್ಟೊಂದು ನಂಬರುಗಳಿಂದ ಕರೆ ಬರುತ್ತಿರುವುದು ಇದರಿಂದಲೇ ಇರಬೇಕು. ಹಾಗೆಂದು ಕಾರ್ಡಿನ ಹಿಂದೆ ಬಂದವರೆಲ್ಲ ಕಳ್ಳರೆಂದು ತಿಳಿಯಬೇಕಿಲ್ಲ. ಪರವಾನಗಿ ಪಡೆದ ಏಜೆಂಟರೂ ಇಂಥ ಪಟ್ಟಿಗಳನ್ನು ಕೊಳ್ಳುತ್ತಾರೆ. ತೊಂದರೆಯೇನೆಂದರೆ ಕಳ್ಳನೂ ಅದೇ ಪಟ್ಟಿಯನ್ನು ಕೊಂಡಿರಬಹುದು, ಮತ್ತು ಫೋನಿನಲ್ಲಿ ಇಬ್ಬರ ಮಾತೂ ಒಂದೇ ರೀತಿ ಕೇಳಿಸುತ್ತದೆ.

'ರಾಜ್ಯ ನಿಯಂತ್ರಿತ' ಎಂಬ ಮಾತು ಸುಳ್ಳಲ್ಲ, ಆದರೆ ಅದಕ್ಕೆ ಅರ್ಥವೂ ಇಲ್ಲ. 1945ರ ಮೆಕ್‌ಕ್ಯಾರನ್-ಫರ್ಗ್ಯುಸನ್ ಕಾಯಿದೆಯ ಪ್ರಕಾರ ಅಮೆರಿಕದಲ್ಲಿ ವಿಮೆಯ ನಿಯಂತ್ರಣ ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ; ಆದ್ದರಿಂದ ಇಲ್ಲಿ ಮಾರುವ ಯಾವ ಜೀವವಿಮೆಯಾದರೂ ರಾಜ್ಯ ನಿಯಂತ್ರಿತವೇ. ಹದ್ದಿನ ಚಿತ್ರದ ಪಕ್ಕದಲ್ಲಿ ಆ ಮಾತನ್ನಿಟ್ಟಾಗ ಓದುವವರಿಗೆ ಅದು ಸರ್ಕಾರಿ ಸವಲತ್ತಿನಂತೆ ಕಾಣುತ್ತದೆ, ಕಾರ್ಡು ಮುದ್ರಿಸಿದವರಿಗೆ ಬೇಕಾದದ್ದೂ ಅದೇ. ಅಂತ್ಯಕ್ರಿಯೆಯ ವಿಮೆಯನ್ನು ಕೇಂದ್ರ ಸರ್ಕಾರವಾಗಲಿ, ಮೆಡಿಕೇರ್ ಆಗಲಿ, ಸರ್ಕಾರಿ ಪಿಂಚಣಿ ವ್ಯವಸ್ಥೆಯಾದ ಸೋಶಿಯಲ್ ಸೆಕ್ಯುರಿಟಿಯಾಗಲಿ ಮಾರುವುದಿಲ್ಲ. ಆ ಹೆಸರುಗಳನ್ನೋ ಲಾಂಛನಗಳನ್ನೋ ಬಳಸಿ ಸರ್ಕಾರದ ಒಪ್ಪಿಗೆ ಇದೆಯೆಂಬ ಭ್ರಮೆ ಹುಟ್ಟಿಸುವುದನ್ನು ಸೋಶಿಯಲ್ ಸೆಕ್ಯುರಿಟಿ ಕಾಯಿದೆಯ 1140ನೇ ಸೆಕ್ಷನ್ ನಿಷೇಧಿಸುತ್ತದೆ. ಅಲ್ಲದೆ, 65 ವರ್ಷ ದಾಟಿದವರಿಗೆ ಕಳುಹಿಸುವ ಇಂಥ ಜಾಹೀರಾತಿಗೆ ಉತ್ತರಿಸಿದರೆ ಏಜೆಂಟ್ ಸಂಪರ್ಕಿಸಬಹುದು ಎಂಬುದನ್ನು ಎದ್ದು ಕಾಣುವಂತೆ ಮುದ್ರಿಸಬೇಕೆಂದು ಕ್ಯಾಲಿಫೋರ್ನಿಯಾದ ವಿಮಾ ಸಂಹಿತೆ ಹೇಳುತ್ತದೆ. ಅಂಥ ಕಾರ್ಡು ಇನ್ನೊಂದು ಬಂದರೆ ಆ ಸಾಲು ಇದೆಯೇ ಎಂದು ನೋಡಿ.

ಇನ್ನು ಶನಿವಾರದ ಭೇಟಿ. 65 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾದವರ ಮನೆಗೆ ಜೀವವಿಮೆ ಮಾರಲು ಮೊದಲ ಬಾರಿ ಬರುವ ಏಜೆಂಟ್, ಕನಿಷ್ಠ 24 ಗಂಟೆ ಮುಂಚೆ ಲಿಖಿತ ಸೂಚನೆ ಕೊಡಬೇಕೆಂಬುದು ಈ ರಾಜ್ಯದ ಕಾನೂನು. ಮನೆಯವರನ್ನೋ ಸ್ನೇಹಿತರನ್ನೋ ಜೊತೆಗೆ ಕೂರಿಸಿಕೊಳ್ಳಬಹುದು, ಮಾತುಕತೆಯನ್ನು ಯಾವಾಗ ಬೇಕಾದರೂ ಮುಗಿಸಬಹುದು ಎಂಬುದು ಆ ಸೂಚನೆಯಲ್ಲೇ ಇರಬೇಕು. ಏಜೆಂಟಿನ ವಿಸಿಟಿಂಗ್ ಕಾರ್ಡಿನ ಮೇಲೂ, ಲಿಖಿತ ದರಪಟ್ಟಿಯ ಮೇಲೂ ಪರವಾನಗಿ ಸಂಖ್ಯೆ ಇರಲೇಬೇಕು. ಆತ ಮತ್ತೆ ಕರೆ ಮಾಡಿದಾಗ ಮೂರೇ ಸಂಗತಿ ಕೇಳಿ: ನಿಮ್ಮ ಪೂರ್ಣ ಹೆಸರು ಮತ್ತು ಪರವಾನಗಿ ಸಂಖ್ಯೆ ಏನು, ಪಾಲಿಸಿ ಕೊಡುವ ಕಂಪನಿಯ ಕಾನೂನುಬದ್ಧ ಹೆಸರು ಏನು, ಲಿಖಿತ ಸೂಚನೆಯನ್ನು ಯಾವಾಗ ಕಳುಹಿಸುತ್ತೀರಿ? ಸಿಕ್ಕ ಹೆಸರುಗಳನ್ನು ಕ್ಯಾಲಿಫೋರ್ನಿಯಾ ವಿಮಾ ಇಲಾಖೆಯ ಜಾಲತಾಣದಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಏಕೆಂದರೆ ಹೆಸರಾಂತ ಕಂಪನಿಯ ಹೆಸರಿಗೆ ಒಂದು ಪದ ಹೆಚ್ಚೋ ಕಡಿಮೆಯೋ ಮಾಡಿ ಬಳಸುವುದು ಹಳೆಯ ಚಾಳಿ. ಫೋನಿನ ಪರದೆಯ ಮೇಲೆ ಕಾಣುವ ನಂಬರನ್ನು ಮಾತ್ರ ಆಧಾರವಾಗಿಟ್ಟುಕೊಳ್ಳಬೇಡಿ. ಅದನ್ನು ಬೇಕಾದಂತೆ ತೋರಿಸಲು ಬರುತ್ತದೆ.

ಬ್ಯಾಂಕ್ ಖಾತೆ ಕೇಳಿದ್ದರಿಂದಲೇ ಮೋಸವೆಂದು ನಿರ್ಧರಿಸಲಾಗದು. ಪ್ರಾಮಾಣಿಕ ಅರ್ಜಿಯಲ್ಲೂ ಖಾತೆ ಸಂಖ್ಯೆ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಆರೋಗ್ಯದ ಪ್ರಶ್ನೆಗಳು ಇರುತ್ತವೆ. ಅವನ್ನು ಯಾವ ಹಂತದಲ್ಲಿ ಕೇಳಿದರು ಎಂಬುದನ್ನು ನೋಡಬೇಕು. ಕಂಪನಿಯ ಹೆಸರು ಹೇಳುವ ಮುನ್ನವೇ ಹಣದ ದಾರಿ ಕೇಳುವವನು ಏಜೆಂಟಾಗಿದ್ದರೂ ಒಳ್ಳೆಯ ಏಜೆಂಟಲ್ಲ. ಆದರೆ ಮೆಡಿಕೇರ್ ಸಂಖ್ಯೆಯ ವಿಷಯ ಬೇರೆ. ಜೀವವಿಮೆಗೆ ಅದರ ಅಗತ್ಯವಿಲ್ಲ, ಅದು ತಪ್ಪು ಕೈಗೆ ಸಿಕ್ಕರೆ ಪಡೆಯದ ಚಿಕಿತ್ಸೆಗೆ ನಿಮ್ಮ ತಾಯಿಯ ಹೆಸರಿನಲ್ಲಿ ಬಿಲ್ಲು ಹೋಗುತ್ತದೆ. ಅರ್ಜಿಯನ್ನೇ ಹಾಕದೆ 'ಮಂಜೂರಾಗಿದೆ' ಎಂದದ್ದೂ ನನಗೆ ಸರಿ ಕಾಣುವುದಿಲ್ಲ.

ಲೆಕ್ಕಿಗ

ಮೇಲಿನವರು ಮೋಸವನ್ನು ಗುರುತಿಸುವ ಬಗೆ ಹೇಳಿದ್ದಾರೆ. ನಾನು ಹೇಳಬೇಕೆಂದಿರುವುದು ಬೇರೆ: ಕಂಪನಿ ಅಸಲಿ, ಏಜೆಂಟ್ ಅಸಲಿ, ಪಾಲಿಸಿಯೂ ಅಸಲಿಯಾಗಿದ್ದು, ವ್ಯವಹಾರ ಮಾತ್ರ ನಷ್ಟದ್ದಾಗಿರಬಹುದು. ಹಿರಿಯರ ಹಣ ಈ ದಾರಿಯಲ್ಲಿ ಹೋದಾಗ ದೂರು ಕೊಡಲು ಅಪರಾಧಿಯೂ ಸಿಗುವುದಿಲ್ಲ.

'ವೈದ್ಯಕೀಯ ಪರೀಕ್ಷೆ ಇಲ್ಲ' ಎಂಬ ಒಂದೇ ಮಾತಿನ ಹಿಂದೆ ಎರಡು ಬಗೆಯ ಪಾಲಿಸಿಗಳಿವೆ. ಒಂದರಲ್ಲಿ ರಕ್ತ ತೆಗೆಯುವುದಿಲ್ಲ, ಆದರೆ ಆರೋಗ್ಯದ ಪ್ರಶ್ನೆಗಳಿರುತ್ತವೆ. ಉತ್ತರ ತೃಪ್ತಿಕರವಾಗಿದ್ದರೆ ಮೊದಲ ದಿನದಿಂದಲೇ ಪೂರ್ಣ ಮೊತ್ತದ ರಕ್ಷಣೆ ಸಿಗಬಹುದು. ಇನ್ನೊಂದರಲ್ಲಿ ಪ್ರಶ್ನೆಗಳೇ ಇಲ್ಲ, ಯಾರಿಗಾದರೂ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ ಮೊದಲ ಎರಡು ಅಥವಾ ಮೂರು ವರ್ಷ ವೈಟಿಂಗ್ ಪೀರಿಯಡ್ ಇರುತ್ತದೆ. ಆ ಅವಧಿಯಲ್ಲಿ ಅಪಘಾತವಲ್ಲದ ಕಾರಣದಿಂದ ಸಾವು ಬಂದರೆ ಪೂರ್ಣ ಮೊತ್ತ ಬರುವುದಿಲ್ಲ. ಕಟ್ಟಿದ ಪ್ರೀಮಿಯಂ, ಅದರ ಮೇಲೆ ಸ್ವಲ್ಪ ಬಡ್ಡಿ, ಬಹಳ ಕಡೆ ಶೇಕಡಾ 10, ಇಷ್ಟೇ ಬರುತ್ತದೆ. ನಿಮಗೆ ಹೇಳಿದ ದರವನ್ನೇ ಇಟ್ಟುಕೊಳ್ಳೋಣ: ಹದಿನಾಲ್ಕು ಕಂತು ಕಟ್ಟಿದ ಮೇಲೆ ಅಂಥ ಸಾವು ಸಂಭವಿಸಿದರೆ 1,288 ಡಾಲರ್ ಕಟ್ಟಿದ್ದಕ್ಕೆ ಮನೆಯವರ ಕೈಗೆ ಬರುವುದು ಸುಮಾರು 1,417 ಡಾಲರ್. ಕಾರ್ಡಿನ 25,000 ಆಗಲಿ, ಫೋನಿನ 10,000 ಆಗಲಿ ಅಲ್ಲೆಲ್ಲೂ ಕಾಣುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ವರ್ಷಕ್ಕೆ 1,104 ಡಾಲರಿನಂತೆ ಒಂಬತ್ತು ವರ್ಷ ದಾಟಿದ ಮೇಲೆ ನಿಮ್ಮ ತಾಯಿ ಕಟ್ಟಿದ ಹಣ ಪಾಲಿಸಿಯ ಮೊತ್ತವನ್ನೇ ಮೀರುತ್ತದೆ, ಕಂತು ಮಾತ್ರ ಮುಂದುವರಿಯುತ್ತದೆ.

ಟಿವಿಯಲ್ಲಿ ಬರುವ 'ತಿಂಗಳಿಗೆ ಇಷ್ಟೇ ಡಾಲರ್' ಎಂಬ ಜಾಹೀರಾತುಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಕೆಲವು ಕಡೆ ಆ ಬೆಲೆ ಒಂದು 'ಯೂನಿಟ್'ಗೆ ಮಾತ್ರ. ಯೂನಿಟ್ಟಿನ ಬೆಲೆ ಎಲ್ಲರಿಗೂ ಒಂದೇ, ಆದರೆ ವಯಸ್ಸು ಹೆಚ್ಚಿದಂತೆ ಒಂದು ಯೂನಿಟ್ ಕೊಡುವ ರಕ್ಷಣೆ ಕಡಿಮೆಯಾಗುತ್ತ ಹೋಗುತ್ತದೆ. ಬೆಲೆ ಕೇಳಿದ ಉಸಿರಿನಲ್ಲೇ 'ಈ ವಯಸ್ಸಿಗೆ ಎಷ್ಟು ಮೊತ್ತ' ಎಂದೂ ಕೇಳಬೇಕು. ಇನ್ನು ಕೆಲವರು ಅಂತ್ಯಕ್ರಿಯೆಯ ಮಾತಾಡಿ, ನಿರ್ದಿಷ್ಟ ವಯಸ್ಸಿಗೆ ಮುಗಿದುಹೋಗುವ ಟರ್ಮ್ ಪಾಲಿಸಿಯನ್ನು ಕೈಗಿಡುತ್ತಾರೆ. ಎಂಬತ್ತಕ್ಕೆ ಮುಗಿಯುವ ಪಾಲಿಸಿ ಎಂಬತ್ತೆರಡರಲ್ಲಿ ಯಾವ ಖರ್ಚಿಗೆ ಬಂದೀತು?

ಸ್ಯಾಕ್ರಮೆಂಟೊ ವಾಸಿ

ಎಷ್ಟು ಹಣ ಬೇಕು ಎಂಬುದನ್ನು ಮಾರುವವನ ಬಾಯಿಂದ ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಅಂತಿಮ ದರ್ಶನ ಮತ್ತು ಸಮಾಧಿ ಸೇರಿದ ಅಂತ್ಯಕ್ರಿಯೆಯ ಮಧ್ಯಮ ವೆಚ್ಚ 2023ರಲ್ಲಿ 8,300 ಡಾಲರ್ ಎಂದೂ, ಅಂತಿಮ ದರ್ಶನದೊಂದಿಗೆ ದಹನವಾದರೆ 6,280 ಡಾಲರ್ ಎಂದೂ ಅಮೆರಿಕದ ಅಂತ್ಯಕ್ರಿಯೆ ನಿರ್ದೇಶಕರ ರಾಷ್ಟ್ರೀಯ ಸಂಘ ಲೆಕ್ಕ ಕೊಟ್ಟಿತ್ತು. ಯಾವ ವಿಧಿಯನ್ನೂ ಫ್ಯೂನರಲ್ ಹೋಮಿನಲ್ಲಿ (ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯಲ್ಲಿ) ಇಟ್ಟುಕೊಳ್ಳದೆ ನೇರವಾಗಿ ದಹನ ಮಾಡಿಸಿದರೆ ಇದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ನೇರ ದಹನಕ್ಕೆ ಶವಪೆಟ್ಟಿಗೆ ಕೊಳ್ಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ, 1984ರಿಂದ ಜಾರಿಯಲ್ಲಿರುವ ಫ್ಯೂನರಲ್ ರೂಲ್ ಎಂಬ ನಿಯಮ ಅದನ್ನು ತಡೆಯುತ್ತದೆ. ಅದೇ ನಿಯಮದ ಪ್ರಕಾರ ಫೋನಿನಲ್ಲಿ ಕೇಳಿದರೂ ದರ ಹೇಳಬೇಕು, ನೇರವಾಗಿ ಹೋಗಿ ಕೇಳಿದರೆ ಪ್ರತಿಯೊಂದು ಸೇವೆಯ ದರವಿರುವ ಪಟ್ಟಿಯನ್ನು ಕೈಗೆ ಕೊಡಬೇಕು. ನಿಮ್ಮ ಮನೆಯಲ್ಲಿ ದಹನವೇ ಪದ್ಧತಿಯಾಗಿದ್ದರೆ ಎರಡು ಮೂರು ಕಡೆ ದರ ಕೇಳಿ ನೋಡಿ. ಈಗಿರುವ 5,000 ಡಾಲರ್ ಪಾಲಿಸಿಯೇ ಸಾಕೆಂದು ತಾಯಿಗೆ ಸಮಾಧಾನವಾದರೂ ಆಶ್ಚರ್ಯವಿಲ್ಲ.

ಸೋಶಿಯಲ್ ಸೆಕ್ಯುರಿಟಿಯಿಂದ ದೊಡ್ಡ ಮೊತ್ತ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾವಿನ ನಂತರ ಒಂದೇ ಬಾರಿ ಕೊಡುವುದು 255 ಡಾಲರ್, ಅದೂ ಅರ್ಹ ಸಂಗಾತಿಗೆ ಅಥವಾ ಅರ್ಹ ಮಕ್ಕಳಿಗೆ ಮಾತ್ರ. ಸ್ವಂತ ಉಳಿತಾಯವಿದ್ದರೆ, ಮರಣಾನಂತರ ಹೆಸರಿಸಿದವರಿಗೆ ನೇರವಾಗಿ ಸಲ್ಲುವ ಪಿಒಡಿ ಖಾತೆಯನ್ನು ಬ್ಯಾಂಕಿನಲ್ಲಿ ಮಾಡಿಸಬಹುದು. ಅದಕ್ಕೆ ಕಂತೂ ಇಲ್ಲ, ಏಜೆಂಟೂ ಇಲ್ಲ.

ಬೇ ಏರಿಯಾ ಕನ್ನಡತಿ

ಎಲ್ಲರಿಗೂ ಕೃತಜ್ಞತೆಗಳು. ಆತ ಇಂದು ಮತ್ತೆ ಕರೆ ಮಾಡಿದ್ದನು. ಪರವಾನಗಿ ಸಂಖ್ಯೆ ಕೇಳಿದ ಕೂಡಲೇ 'ನನ್ನ ಮೇಲಧಿಕಾರಿ ಕಳುಹಿಸುತ್ತಾರೆ' ಎಂದನು. ಕಂಪನಿಯ ಹೆಸರು ಕೇಳಿದರೆ 'ನಾವು ಹಲವು ಕಂಪನಿಗಳೊಂದಿಗೆ ಕೆಲಸ ಮಾಡುತ್ತೇವೆ' ಎಂದು ಮಾತು ತೇಲಿಸಿದನು. ಲಿಖಿತ ಸೂಚನೆ ಕೈಸೇರುವವರೆಗೆ ಮನೆಗೆ ಬರುವುದು ಬೇಡವೆಂದು ಹೇಳಿದ್ದೇನೆ. ಆದರೆ ಹಳೆಯ ಪಾಲಿಸಿ ಬದಲಿಸಬೇಕೆಂಬ ಮಾತು ಅಮ್ಮನ ತಲೆಯಲ್ಲಿ ಕೂತುಬಿಟ್ಟಿದೆ. ಹತ್ತು ಸಾವಿರ ಐದು ಸಾವಿರಕ್ಕಿಂತ ಹೆಚ್ಚಲ್ಲವೇ ಎನ್ನುತ್ತಾರೆ. ಏನೆಂದು ವಿವರಿಸಲಿ?

ಹಳೆಯ ಏಜೆಂಟ್

ಹಲವು ಕಂಪನಿಗಳ ಪಾಲಿಸಿ ಮಾರುವ ಏಜೆಂಟರು ಇರುವುದು ನಿಜ. ಆದರೆ 92 ಡಾಲರ್ ಎಂಬ ದರ ಯಾವುದೋ ಒಂದು ಕಂಪನಿಯದೇ ಆಗಿರಬೇಕಲ್ಲವೇ? ದರ ಗೊತ್ತಿದ್ದು ಕಂಪನಿಯ ಹೆಸರು ಗೊತ್ತಿಲ್ಲವೆಂದರೆ ನಂಬುವ ಮಾತಲ್ಲ.

ತಾಯಿಗೆ ಹೀಗೆ ಹೇಳಿ. ಹಳೆಯ ಪಾಲಿಸಿಗೆ ಆರು ವರ್ಷ ತುಂಬಿದೆ. ಅದರಲ್ಲಿ ವೈಟಿಂಗ್ ಪೀರಿಯಡ್ ಇದ್ದಿದ್ದರೂ ಈಗ ಕಳೆದಿರುತ್ತದೆ. ಅರ್ಜಿಯಲ್ಲಿ ಕೊಟ್ಟ ಉತ್ತರಗಳನ್ನು ಪ್ರಶ್ನಿಸಿ ಹಣ ನಿರಾಕರಿಸಲು ಕಂಪನಿಗೆ ಸಾಮಾನ್ಯವಾಗಿ ಇರುವ ಎರಡು ವರ್ಷದ ಅವಕಾಶವೂ ಮುಗಿದಿದೆ. ಹೊಸದಕ್ಕೆ ಹೋದರೆ ಈ ಎರಡು ಗಡಿಯಾರಗಳೂ ಮತ್ತೆ ಸೊನ್ನೆಯಿಂದ ಶುರುವಾಗುತ್ತವೆ. 68ರ ವಯಸ್ಸಿನಲ್ಲಿ ನಿಗದಿಯಾದ ದರದ ಬದಲು 74ರ ದರ ಕಟ್ಟಬೇಕಾಗುತ್ತದೆ, ಮಧುಮೇಹ ಮತ್ತು ಸ್ಟೆಂಟಿನ ಕಾರಣಕ್ಕೆ ಪ್ರಶ್ನೆಗಳಿಲ್ಲದ ದುಬಾರಿ ಪಾಲಿಸಿಯೇ ಗತಿಯಾಗಲೂಬಹುದು. ಏಜೆಂಟಿಗೆ ಮಾತ್ರ ಹೊಸ ಪಾಲಿಸಿಯ ಮೊದಲ ವರ್ಷದಲ್ಲಿ ದೊಡ್ಡ ಕಮಿಷನ್ ಸಿಗುತ್ತದೆ. ಬದಲಾವಣೆಯ ಸಲಹೆ ಯಾರ ಹಿತಕ್ಕೆ ಎಂಬುದನ್ನು ಅಲ್ಲಿಂದಲೇ ಊಹಿಸಬಹುದು. ಹೆಚ್ಚಿನ ರಕ್ಷಣೆ ನಿಜಕ್ಕೂ ಬೇಕೆನಿಸಿದರೆ ಹಳೆಯದನ್ನು ಇಟ್ಟುಕೊಂಡು, ಕೊರತೆ ಬೀಳುವಷ್ಟಕ್ಕೆ ಮಾತ್ರ ಇನ್ನೊಂದನ್ನು ಸೇರಿಸಿದರಾಯಿತು. ಹೊಸ ಪಾಲಿಸಿಯ ಕಾಗದ ಕೈಗೆ ಬಂದು, ಓದಿ ಒಪ್ಪಿಗೆಯಾಗುವವರೆಗೆ ಹಳೆಯದರ ಕಂತನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಈ ರಾಜ್ಯದಲ್ಲಿ 60 ವರ್ಷ ದಾಟಿದವರು ಹೊಸ ಜೀವವಿಮಾ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂತಿರುಗಿಸಿ ಹಣ ವಾಪಸು ಪಡೆಯಬಹುದು.

ಲೆಕ್ಕಿಗ

ಹಳೆಯ ಪಾಲಿಸಿಯನ್ನು ಉಳಿಸಿಕೊಳ್ಳುವುದಾದರೆ ಈ ವಾರವೇ ಮುಗಿಸಬಹುದಾದ ಕೆಲಸವೊಂದಿದೆ. ಕಂತು ತಪ್ಪಿ ಪಾಲಿಸಿ ರದ್ದಾಗುವ ಮುನ್ನ ಸೂಚನೆ ಪಡೆಯಲು ಇನ್ನೊಬ್ಬರ ಹೆಸರನ್ನು ಕೊಡುವ ಹಕ್ಕು ಕ್ಯಾಲಿಫೋರ್ನಿಯಾದಲ್ಲಿದೆ, ಕಂತು ತಪ್ಪಿದ ಮೇಲೆ ಪಾಲಿಸಿ ರದ್ದಾಗದೆ ಬಾಕಿ ಕಟ್ಟಲು 60 ದಿನಗಳ ಗ್ರೇಸ್ ಅವಧಿಯೂ ಇದೆ. ಅಂಚೆ ಪತ್ರಗಳು ತಾಯಿಯ ಕೈಗೇ ಹೋಗುವುದರಿಂದ ನಿಮ್ಮ ಹೆಸರನ್ನು ಅಲ್ಲಿ ಸೇರಿಸಿಕೊಳ್ಳಿ. ಕಂಪನಿಗೆ ಫೋನ್ ಮಾಡುವಾಗ ಪಾಲಿಸಿಯ ಮೇಲೆ ಮುದ್ರಿಸಿರುವ ನಂಬರಿಗೇ ಮಾಡಿ, ಫಲಾನುಭವಿಯ ಹೆಸರು ಸರಿಯಾಗಿದೆಯೇ ಎಂದೂ ಅದೇ ಕರೆಯಲ್ಲಿ ವಿಚಾರಿಸಿ. ಕರೆಗಳು ಬಂದ ದಿನಾಂಕ ಮತ್ತು ನಂಬರುಗಳನ್ನು ಬರೆದಿಟ್ಟುಕೊಂಡು ರಾಜ್ಯದ ವಿಮಾ ಇಲಾಖೆಗೂ ಫೆಡರಲ್ ಟ್ರೇಡ್ ಕಮಿಷನ್ನಿಗೂ ದೂರು ಕೊಡಿ. ಇನ್ನೊಂದು ಕಾರ್ಡು ಬಂದರೆ ಎಸೆಯದೆ ಎರಡೂ ಬದಿಯ ಫೋಟೊ ತೆಗೆದು ದೂರಿನ ಜೊತೆಗೆ ಸೇರಿಸಬಹುದು.