ಎಂಬತ್ತು ಗಜದ ಖಾತ್ರಿ: ಪಶುವೈದ್ಯ ಸಹಪಾಠಿಗಳ ಗುಂಪಿನಲ್ಲಿ ಒಂದು ವಾದ

ರಮೇಶ (ಕೆರ್‌ವಿಲ್, ಟೆಕ್ಸಾಸ್): ಬೆಳಿಗ್ಗೆ ಇನ್ನೊಂದು ಮೇಕೆಮರಿ ಹೋಯಿತು, ಕೊಯೋಟಿಯದೇ (ಇಲ್ಲಿನ ನರಿಯಂಥ ಕಾಡುಪ್ರಾಣಿ) ಕೆಲಸ. ಈ ಸಲ ಕೋವಿ ಕೊಳ್ಳುವುದೇ ಸರಿ. ಇಲ್ಲಿನವರೊಬ್ಬರು ಕಳಿಸಿದ ಸಂದೇಶವನ್ನು ಕನ್ನಡ ಮಾಡಿ ಹಾಕಿದ್ದೇನೆ. ಬೋಪಣ್ಣ, ನೋಡಿ ಹೇಳು.

«ಕೊಯೋಟಿಗೆ ಬೇಕಾದದ್ದು ಇಷ್ಟೇ. 12 ಬೋರ್ ಕೋವಿ, ಮೂರೂವರೆ ಅಂಗುಲದ ಮ್ಯಾಗ್ನಂ ತೋಟಾ, 00 ಚರೆ (ತೋಟಾದೊಳಗಿನ ದಪ್ಪ ಗುಂಡುಗಳು), ಸಿಗುವುದರಲ್ಲೇ ಅತ್ಯಂತ ಬಿಗಿಯಾದ ಚೋಕ್ (ಚರೆ ಹೆಚ್ಚು ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದಾಗಿಸುವುದು). 80 ಗಜದವರೆಗೆ ಖಾತ್ರಿ. ಚರೆ ಹರಡುವುದರಿಂದ ಗುರಿಯ ಚಿಂತೆ ಬೇಡ.»

ಬೋಪಣ್ಣ (ವಿರಾಜಪೇಟೆ): ಇದನ್ನು ಬರೆದವರು ತಮ್ಮ ಕೋವಿಯನ್ನು ಕಾಗದದ ಮೇಲೆ ಹೊಡೆದು ನೋಡಿದವರಲ್ಲ. ಕೊನೆಯ ಸಾಲಂತೂ ತೀರ ಕೆಟ್ಟದ್ದು. ಇದನ್ನು ನಂಬಿ ಅಂಗಡಿಗೆ ಹೋಗಬೇಡ.

ರಮೇಶ: ಕಳಿಸಿದವರು ಮೂವತ್ತು ವರ್ಷದಿಂದ ಬೇಟೆಯಾಡುತ್ತಿರುವವರು, ಬೋಪಣ್ಣ. ತಪ್ಪು ಎಲ್ಲಿದೆ ಎಂದು ಹೇಳು, ಬರೀ ಬೈಯಬೇಡ.

ಸುಜಾತ (ಧಾರವಾಡ): ಕೋವಿಯ ಮಾತಿಗೆ ಮೊದಲು ನನ್ನದೊಂದು ಪ್ರಶ್ನೆ. ಕೊಂದದ್ದು ಕೊಯೋಟಿಯೇ ಎಂದು ಹೇಗೆ ಗೊತ್ತು? ಕುತ್ತಿಗೆಯ ಚರ್ಮ ಬಿಡಿಸಿ ನೋಡಿದೆಯಾ? ನಾಯಿ ಹಿಡಿದಿದ್ದರೆ ಹಿಂಗಾಲು, ಪಕ್ಕೆ, ಕಿವಿ ಎಲ್ಲಾ ಹರಿದಿರುತ್ತದೆ, ಹಿಂಡಿನಲ್ಲಿ ಇನ್ನೂ ನಾಲ್ಕಾರು ಮೇಕೆಗಳಿಗೆ ಗಾಯವಾಗಿರುತ್ತದೆ. ಕೊಯೋಟಿ ಗಂಟಲಿಗೇ ಬಾಯಿ ಹಾಕುತ್ತದೆ. ಹೊರಗೆ ಕೂದಲಿನಡಿ ಏನೂ ಕಾಣದಿದ್ದರೂ ಒಳಗೆ ಹಲ್ಲಿನ ತೂತು, ಅದರ ಸುತ್ತ ಹೆಪ್ಪುಗಟ್ಟಿದ ರಕ್ತ ಇರಲೇಬೇಕು. ರಕ್ತ ಇಲ್ಲದಿದ್ದರೆ ಅದು ಸತ್ತ ಮರಿಯನ್ನು ತಿಂದದ್ದು, ಕೊಂದದ್ದಲ್ಲ.

ರಮೇಶ: ನೋಡಿದೆ. ದವಡೆಯ ಕೆಳಗೆ, ಗಂಟಲಿನ ಎರಡೂ ಬದಿಯಲ್ಲಿ ತೂತುಗಳಿವೆ. ಅಂಗಾಂಶವೆಲ್ಲಾ ಕಡುಗೆಂಪಾಗಿದೆ. ಫೋಟೋ ನಿನಗೆ ಪ್ರತ್ಯೇಕವಾಗಿ ಕಳಿಸುತ್ತೇನೆ, ಗುಂಪಿಗೆ ಬೇಡ.

ಸುಜಾತ: ನೋಡಿದೆ. ಕೊಯೋಟಿಯೇ.

ಬೋಪಣ್ಣ: ಈಗ ತಪ್ಪು ಎಲ್ಲಿದೆ ಎಂದು ಹೇಳುತ್ತೇನೆ. ಕೊಯೋಟಿ ನಮ್ಮ ನರಿಗಿಂತ ಸ್ವಲ್ಪ ದೊಡ್ಡದು. ತುಪ್ಪಳ ದಪ್ಪ, ಮೈ ತೆಳು. ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ತಿಂಡಿಯ ತಟ್ಟೆಯಷ್ಟು. 00 ಚರೆ ಒಂದೊಂದೂ 8.4 ಮಿಲಿಮೀಟರ್. ಅಷ್ಟು ದಪ್ಪ ಇರುವುದರಿಂದ ಮೂರೂವರೆ ಅಂಗುಲದ ತೋಟಾದಲ್ಲೂ ಹದಿನೆಂಟೇ ಹಿಡಿಯುತ್ತವೆ. 80 ಗಜ ಮುಟ್ಟುವಷ್ಟರಲ್ಲಿ ಅವು ಎಷ್ಟು ಚದುರಿರುತ್ತವೆ ಎಂದರೆ, ನಡುವಿನ ಖಾಲಿಯಲ್ಲಿ ಪ್ರಾಣಿ ಹಾಗೇ ನಿಂತಿರಬಹುದು. ಒಂದು ಚರೆ ಹೊಟ್ಟೆಗೆ ತಗುಲಿತು ಎಂದಿಟ್ಟುಕೋ. ಓಡಿಹೋಗಿ ಯಾವುದೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ. ಮೇಕೆಯ ಹೊಟ್ಟೆ ಹರಿದರೆ ರಾತ್ರಿಯೆಲ್ಲಾ ಕೂತು ಹೊಲಿಯುವ ಮನುಷ್ಯ ನೀನು. ನಿನ್ನ ಕೈಯಿಂದ ಆ ಕೆಲಸ ಆಗಬಾರದು.

ಪ್ರಕಾಶ (ಡಲ್ಲಾಸ್): ಹಾಗಾದರೆ ರೈಫಲ್ ತೆಗೆದುಕೊಳ್ಳಲಿ. ಇಲ್ಲಿ ಎಲ್ಲರೂ ಅದನ್ನೇ ಹಿಡಿಯುವುದು.

ರಮೇಶ: ಬಯಲಾಗಿದ್ದರೆ ಅದೇ ಸರಿ. ನನ್ನದು ಇಡೀ ಗುಡ್ಡ ಜೂನಿಪರ್ ಪೊದೆ, ಮೂವತ್ತು ನಲವತ್ತು ಗಜದಾಚೆ ಏನೂ ಕಾಣಿಸುವುದಿಲ್ಲ. ಏಣಿನ ಆಚೆ ನೆರೆಯವರ ಮನೆಯಿದೆ, ಮಕ್ಕಳಿವೆ. ರೈಫಲ್ ಗುಂಡು ಎಲ್ಲಿಗೆ ಹೋಗಿ ಬೀಳುತ್ತದೋ ನನಗೆ ಕಾಣುವುದಿಲ್ಲ. ಅದಕ್ಕೇ ಚರೆ ಕೋವಿ.

ಬೋಪಣ್ಣ: ಆ ನಿರ್ಧಾರ ಸರಿ. ಆದರೆ ದಪ್ಪ ಚರೆಯೂ ಐನೂರು ಗಜ ಮೀರಿ ಹೋಗಬಲ್ಲದು, ನೆನಪಿಡು. ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಕೋವಿ ಎತ್ತಬೇಡ. ಇನ್ನು ತೋಟಾ. ಕೇಳಬೇಕಾದದ್ದು ನಂಬರ್ 4 ಬಕ್, ಅಂದರೆ ಪ್ರಾಣಿಗೆ ಹೊಡೆಯುವ, 00ಗಿಂತ ಸಣ್ಣ ಚರೆ. ಚರೆ 6.1 ಮಿಲಿಮೀಟರ್, ಎರಡೂಮುಕ್ಕಾಲು ಅಂಗುಲದ ತೋಟಾದಲ್ಲಿ 27, ಮೂರು ಅಂಗುಲದ್ದರಲ್ಲಿ 41. ಕೊಯೋಟಿಯ ಪಕ್ಕೆಲುಬು ದಾಟಲು ಅಷ್ಟು ದಪ್ಪ ಸಾಕು, ಎದೆಯೊಳಗೆ ನಾಲ್ಕೈದು ಬೀಳುವಷ್ಟು ಸಂಖ್ಯೆಯೂ ಇದೆ. ಪೆಟ್ಟಿಗೆಯ ಮೇಲೆ ‘ಬಕ್’ ಎಂದು ಇದೆಯೇ ನೋಡಿಯೇ ದುಡ್ಡು ಕೊಡು. ಬರೀ ನಂಬರ್ 4 ಎಂದರೆ ಹಕ್ಕಿ ಹೊಡೆಯುವ ಚರೆ, ಅದರ ಅರ್ಧದಷ್ಟೇ ದಪ್ಪ.

ರಮೇಶ: ಚೋಕ್?

ಬೋಪಣ್ಣ: ಬಿಗಿ ಇದ್ದಷ್ಟೂ ಒಳ್ಳೆಯದು ಎನ್ನುವುದು ಸಣ್ಣ ಚರೆಯ ಲೆಕ್ಕ. ಬಿಗಿಯಾದ ಫುಲ್ ಚೋಕ್ ಎಂದರೆ 40 ಗಜದಲ್ಲಿ 30 ಅಂಗುಲದ ವೃತ್ತಕ್ಕೆ ನೂರಕ್ಕೆ ಎಪ್ಪತ್ತು ಚರೆ, ಅದಕ್ಕಿಂತ ಸಡಿಲವಾದ ಮಾಡಿಫೈಡ್ ಎಂದರೆ ಅರವತ್ತು ಎನ್ನುತ್ತಾರೆ. ಆದರೆ ದಪ್ಪ ಸೀಸದ ಚರೆಗಳು ಬಿಗಿ ಬಾಯಿಯಲ್ಲಿ ಒಂದಕ್ಕೊಂದು ಒತ್ತಿ ಚಪ್ಪಟೆಯಾದರೆ ದಾರಿ ತಪ್ಪುತ್ತವೆ. ಕೆಲವು ಕೋವಿಗಳಲ್ಲಿ ಮಾಡಿಫೈಡ್ ಚೋಕೇ ಫುಲ್‌ಗಿಂತ ಒತ್ತಾಗಿ ಹೊಡೆಯುತ್ತದೆ. ಒಂದೇ ಕಾರ್ಖಾನೆಯ ಎರಡು ಕೋವಿಗಳು ಒಂದೇ ತೋಟಾವನ್ನು ಬೇರೆ ಬೇರೆ ಥರ ಹರಡುತ್ತವೆ. ಪುಸ್ತಕ ಹೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ. ನಾಲ್ಕಡಿ ಕಾಗದ ಕಟ್ಟಿ, ಎದೆಯ ಅಳತೆಗೆ ವೃತ್ತ ಬರೆದು, ಹೊಡೆದು, ಎಣಿಸು.

ಪ್ರಕಾಶ: ಕಾನೂನಿನ ವಿಷಯ. ನನ್ನ ಅಕ್ಕನ ಮಗ ಎಚ್-1ಬಿ ವೀಸಾದಲ್ಲಿ ಇಲ್ಲಿದ್ದಾನೆ, ರಮೇಶನ ಜೊತೆ ಕಾಯಲು ಬರುತ್ತೇನೆ ಎನ್ನುತ್ತಿದ್ದಾನೆ. ಟೆಕ್ಸಾಸಿನಲ್ಲಿ ಜಾನುವಾರಿನ ಮೇಲೆ ಬಿದ್ದ ಕೊಯೋಟಿಗೆ ಬೇಟೆ ಲೈಸೆನ್ಸ್ ಬೇಡವಲ್ಲ?

ರಮೇಶ: ನನಗೆ ಬೇಡ, ಗ್ರೀನ್ ಕಾರ್ಡ್ ಇದೆ. ಅವನಿಗೆ ಬೇಕು. ಅಂಥ ವೀಸಾದವರು ಕೋವಿ ಹಿಡಿಯುವುದನ್ನೇ ಕೇಂದ್ರದ ಕಾನೂನು ನಿಷೇಧಿಸಿದೆ. ಇರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ರಾಜ್ಯ ಬೇಡ ಎಂದರೂ ಅವನು ಲೈಸೆನ್ಸ್ ಪಡೆದೇ ಬರಲಿ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿಯನ್ನೂ ಮುಗಿಸಿರಬೇಕು.

ಪ್ರಕಾಶ: ಬೋಪಣ್ಣನಿಗೆ ಈ ತಾಪತ್ರಯವೇ ಇಲ್ಲ.

ಬೋಪಣ್ಣ: ಆಯುಧ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ವಿಸ್ತರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಕೋವಿಗೆ, ಬೇಟೆಗಲ್ಲ. ಇಲ್ಲಿ ನರಿಯನ್ನು ಮುಟ್ಟಿದರೆ ಜೈಲು, ಅದು ಸರಿಯೂ ಹೌದು. ನಮ್ಮ ಮನೆಯ ಜೋಡುನಳಿಗೆ ಕೈಲ್ ಮುಹೂರ್ತದಲ್ಲಿ ಪೂಜೆಗೆ ಇಳಿಯುತ್ತದೆ, ಪುತ್ತರಿಯಲ್ಲಿ ಒಂದು ಈಡು ಹಾರಿಸುತ್ತೇವೆ. ಹಾಗಿದ್ದರೂ ಅದರ ಎಡನಳಿಗೆ ಎಲ್ಲಿ ಹೊಡೆಯುತ್ತದೆ, ಬಲನಳಿಗೆ ಎಲ್ಲಿ ಹೊಡೆಯುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಸುಜಾತ: ಕೋವಿಯನ್ನು ಅಷ್ಟು ಪರೀಕ್ಷಿಸುತ್ತೀರಿ, ಕೊಲ್ಲಬೇಕಾದದ್ದು ಯಾವುದನ್ನು ಎಂದು ಯಾರೂ ಕೇಳುತ್ತಿಲ್ಲ. ಹಿಂಡನ್ನು ಮುಟ್ಟದ ಒಂದು ಜೋಡಿ ಆ ಗುಡ್ಡವನ್ನು ಹಿಡಿದುಕೊಂಡಿದ್ದರೆ ಬೇರೆ ಕೊಯೋಟಿಗಳನ್ನು ಒಳಗೆ ಬಿಡುವುದಿಲ್ಲ. ಅದನ್ನು ಹೊಡೆದರೆ ಜಾಗ ತೆರವಾಗಿ ಹೊಸವು ಬರುತ್ತವೆ. ಮೊಲದ ಅಳುವಿನ ಧ್ವನಿ ಹಾಕಿ ಕೂತರೆ ಹಸಿದದ್ದು ಯಾವುದಾದರೂ ಬರುತ್ತದೆ, ನಿನ್ನ ಮರಿ ತಿಂದದ್ದೇ ಬರಬೇಕೆಂದಿಲ್ಲ.

ರಮೇಶ: ಕಾವಲಿಗೆ ಪೈರಿನೀಸ್ ನಾಯಿ ಇದೆ, ಕತ್ತೆ ಇದೆ, ಒಂದು ಕಡೆ ವಿದ್ಯುತ್ ಬೇಲಿಯೂ ಇದೆ. ಆದರೂ ಬರುತ್ತಿದೆ, ಒಂದೇ ಮೂಲೆಯಿಂದ. ಊಳಿಡುವ ಎಲ್ಲವನ್ನೂ ಹೊಡೆಯುತ್ತೇನೆ ಎಂದು ನಾನು ಹೇಳಿಲ್ಲ, ಸುಜಾತ. ಆ ಮೂಲೆಯಲ್ಲಿ ಕಾಯುತ್ತೇನೆ. ಧ್ವನಿಯಂತ್ರ ಬೇಡ.

ಸುಜಾತ: ಹಾಗಿದ್ದರೆ ಬೇಲಿಯ ಆ ಮೂಲೆಯನ್ನು ಮೊದಲು ಮುಚ್ಚು. ಮರಿ ಹಾಕುವ ಮೇಕೆಗಳನ್ನು ಮನೆಯ ಹತ್ತಿರದ ದೊಡ್ಡಿಗೆ ತಾ. ಆಮೇಲೂ ಬಂದರೆ ನನ್ನ ತಕರಾರು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

(ಭಾನುವಾರ ರಾತ್ರಿ)

ರಮೇಶ: ರೆಮಿಂಗ್ಟನ್ 870 ತೆಗೆದುಕೊಂಡೆ, ಮೂರು ಅಂಗುಲದ ತೋಟಾದವರೆಗೆ ಹಿಡಿಯುವುದು, 26 ಅಂಗುಲದ ನಳಿಗೆ. ಕಾಗದಗಳ ಫೋಟೋ ಹಾಕಿದ್ದೇನೆ. ಎಲ್ಲಾ 40 ಗಜದಿಂದ. ಮೊದಲನೆಯದು 00, ಫುಲ್ ಚೋಕ್: ಎದೆಯ ವೃತ್ತದಲ್ಲಿ ಒಂದೇ ತೂತು. ಎರಡನೆಯದು ನಂಬರ್ 4 ಬಕ್, ಅದೇ ಚೋಕ್: ಎರಡು. ಮೂರನೆಯದು ನಂಬರ್ 4 ಬಕ್, ಮಾಡಿಫೈಡ್: ನಾಲ್ಕು.

ಬೋಪಣ್ಣ: ಮೂರನ್ನೂ ದೊಡ್ಡದು ಮಾಡಿ ನೋಡಿದೆ. ಗುಂಪು ಎಲ್ಲದರಲ್ಲೂ ಮೇಲಕ್ಕೆ, ಸ್ವಲ್ಪ ಎಡಕ್ಕೆ ಬಿದ್ದಿದೆ. ದಪ್ಪ ಜಾಕೆಟ್ ಹಾಕಿ ಹೊಡೆದೆಯಾ?

ರಮೇಶ: ಹೌದು, ಚಳಿ ಇತ್ತು.

ಬೋಪಣ್ಣ: ಕೋವಿಯ ಹಿಡಿ ಭುಜದಲ್ಲಿ ಸರಿಯಾಗಿ ಕೂರುತ್ತಿಲ್ಲ, ಕೆನ್ನೆ ಹಿಡಿಗೆ ಒರಗದೆ ಮೇಲೆ ಉಳಿಯುತ್ತಿದೆ. ಹಿಡಿಯ ತುದಿಯ ರಬ್ಬರನ್ನು ತೆಳುವಾದದ್ದಕ್ಕೆ ಬದಲಿಸು. ಕಾಯುವಾಗ ಹಾಕುವ ಅದೇ ಜಾಕೆಟ್‌ನಲ್ಲಿ ಮತ್ತೆ ಹೊಡೆ. ಆಗಲೂ ಎಡಕ್ಕೇ ಹೋದರೆ ನಳಿಗೆಯ ತುದಿಯ ಗುರಿಮಣಿಯೊಂದನ್ನೇ ನಂಬದೆ ಕೆಂಪುಚುಕ್ಕೆಯ ಸೈಟ್ ಹಾಕಿಸು. 30 ಗಜದ ಕಾಗದ ಎಲ್ಲಿ?

ರಮೇಶ: ಈಗ ಹಾಕಿದೆ. ಅದೇ ತೋಟಾ, ಮಾಡಿಫೈಡ್. ವೃತ್ತದಲ್ಲಿ ಎಂಟು.

ಬೋಪಣ್ಣ: ನಿನ್ನ ಮಿತಿ 35 ಗಜ. ಕತ್ತಲಾಗುವ ಮುನ್ನ ಕೂರುವ ಜಾಗದಿಂದ ಅಳೆದು ಬಿಳಿ ಕಲ್ಲು ಇಡು, ಮುಸ್ಸಂಜೆಯಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. ಗಾಳಿ ನಿನ್ನ ಮುಖಕ್ಕೆ ಬರಲಿ. ಆದರೂ ಅದು ಸುತ್ತು ಹಾಕಿ ಗಾಳಿಯ ಕೆಳಮಗ್ಗುಲಿನಿಂದ ಬರಲು ನೋಡುತ್ತದೆ, ಆ ಬದಿಯಲ್ಲಿ ನೆರೆಮನೆ ಇದ್ದರೆ ಆ ದಿನ ಕೂರಲೇಬೇಡ.

ಸುಜಾತ: ಬೇಲಿಯ ಮೂಲೆ?

ರಮೇಶ: ಮುಚ್ಚಿದೆ. ಅಡಿಯಲ್ಲಿ ಮಣ್ಣು ಕೆದಕಿ ನುಸುಳುತ್ತಿತ್ತು, ಜಾಲರಿಯನ್ನು ಒಂದಡಿ ಹೂತಿದ್ದೇನೆ. ಮೇಕೆಗಳು ದೊಡ್ಡಿಯಲ್ಲಿವೆ. ಈ ವಾರ ಇನ್ನೊಂದು ಮರಿ ಹೋಗದಿದ್ದರೆ ಕೋವಿ ಕಪಾಟಿನಲ್ಲೇ ಇರುತ್ತದೆ.

ಸುಜಾತ: ಹೋದರೆ ಮೊದಲು ಕುತ್ತಿಗೆಯ ಫೋಟೋ ನನಗೆ.

ಬೋಪಣ್ಣ: ಆ 80 ಗಜದ ಸಂದೇಶ ಕಳಿಸಿದವರಿಗೆ ನಿನ್ನ ಕಾಗದಗಳನ್ನು ಕಳಿಸು.

ರಮೇಶ: ಕಳಿಸಿದೆ. ಮುಂದಿನ ಶನಿವಾರ ತಮ್ಮ ಕೋವಿ ತಂದು ಇಲ್ಲೇ ಹೊಡೆದು ನೋಡುತ್ತಾರಂತೆ.